ಬಾವನ ಎಲೆ

ಗದ್ದೆಯಲ್ಲಿ ಟೆಂಟು ಹಾಕಲು ಬಿಟ್ಟದ್ದೇ ತಪ್ಪಾಯಿತು ಅಂತ ಕಮಲಾವತಿಗೆ ಅನಿಸಿದ್ದು ಆ ಮುದುಕನನ್ನು ನೋಡಿದ ಮೇಲೆ.

ಸಿನೆಮಾದ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಐವತ್ತೊಂಬತ್ತರ ಬೇಸಗೆ, ಕೊಯ್ಲು ಮುಗಿದ ಗದ್ದೆ ಸುಮ್ಮನೆ ಬಿದ್ದಿತ್ತು. ಪುತ್ತೂರಿನ ಸಾಹುಲ್ ಹಮೀದ್ ತನ್ನ ಟೂರಿಂಗ್ ಟಾಕೀಸನ್ನು ಲಾರಿಯಲ್ಲಿ ಹೇರಿಕೊಂಡು ಬಂದು, "ದೇರಣ್ಣ ಗೌಡ್ರೆ, ಮಳೆ ಹಿಡಿಯುವ ಮುಂಚೆ ಎತ್ತಿಕೊಂಡು ಹೋಗ್ತೇನೆ, ಒಂದು ಗುಂಡಿಯನ್ನೂ ಬಿಡುದಿಲ್ಲ" ಎಂದಾಗ ಒಪ್ಪಿದ್ದು ಅವಳ ಗಂಡನೇ. ಸುಳ್ಯ ಪೇಟೆ ಅಲ್ಲಿಂದ ದೂರವಿಲ್ಲ. ಸಂಜೆಯಾದರೆ ಲೌಡ್ ಸ್ಪೀಕರಿನಲ್ಲಿ ಹಾಡು, ಪೆಟ್ರೋಮ್ಯಾಕ್ಸ್ ಬೆಳಕು, ನೆಲಕಡಲೆ ಹುರಿದ ವಾಸನೆ. ಅದೆಲ್ಲ ಸರಿಯೇ. ಸರಿಯಿಲ್ಲದ್ದು ಟೆಂಟಿನ ಜೊತೆ ಬಂದ ಆ ಮುದುಕ.

ಬಿಳಿ ಪ್ಯಾಂಟು, ಕಾಲರು ಸವೆದ ಕೋಟು, ತಲೆಗೆ ಒಂದು ಹಳೇ ಟೊಪ್ಪಿ. ಬೆಳಗಾದರೆ ಸಾಕು, ಗದ್ದೆಯ ಅಂಚಿನ ಬದುವಿಗೆ, ಆ ಹುಣಿಯ ಮೇಲೆ, ಬಂದು ನಿಲ್ಲುವುದು. ಎರಡೂ ಕೈಯ ಬೆರಳು ಜೋಡಿಸಿ ಒಂದು ಚೌಕ ಮಾಡುವುದು, ಆ ಚೌಕವನ್ನು ಕಣ್ಣಿಗೆ ಹಿಡಿದು ಮನೆಯನ್ನು ನೋಡುವುದು. ಒಮ್ಮೆ ಬಾವಿಕಟ್ಟೆ, ಒಮ್ಮೆ ಜಗಲಿ, ಒಮ್ಮೆ ಹಟ್ಟಿಯ ಬಾಗಿಲು. ನೋಡುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು, ಪುನಃ ನೋಡುವುದು.

ಕಮಲಾವತಿಗೆ ಮೊದಲು ಬಂದ ಯೋಚನೆ ಕಳ್ಳನದ್ದು. ಮನೆಯ ದಾರಿ ಗುರುತು ಮಾಡಿಕೊಳ್ಳುತ್ತಿದ್ದಾನೆ! ಆಮೇಲೆ, ಸರಕಾರದವನೋ ಏನೋ, ಗದ್ದೆ ಅಳೆಯಲು ಗುಟ್ಟಾಗಿ ಬಂದಿರಬೇಕು ಎಂದುಕೊಂಡಳು. ಅದೂ ಅಲ್ಲದಿದ್ದರೆ ಮಾಟ ಮಾಡುವವನು. ಒಳ್ಳೆಯವನು ಇರಬಹುದು ಎಂಬ ಯೋಚನೆ ಮಾತ್ರ ಅವಳಿಗೆ ಬರಲಿಲ್ಲ. ಬರುವ ಜಾತಿಯ ಹೆಂಗಸೂ ಅವಳಲ್ಲ.

ಒಂದು ದಿನ ಬಾವಿಕಟ್ಟೆಯಲ್ಲಿ ಕೊಡಪಾನ ಕುಕ್ಕಿಟ್ಟು ಕೂಗಿಯೇ ಬಿಟ್ಟಳು. "ಎಂತ ನೋಡುದು ಅಲ್ಲಿಂದ? ಹೆಂಗಸರು ಇರುವ ಮನೆ ಇದು, ಗೊತ್ತುಂಟಾ?"

ಮುದುಕ ಕೈ ಇಳಿಸಿದ. "ಬೆಳಕು ನೋಡ್ತಾ ಇದ್ದೆ, ತಾಯಿ."

"ನಿಮ್ಮ ಟೆಂಟಿನಲ್ಲಿ ಇಲ್ವಾ ಬೆಳಕು? ಅಲ್ಲಿ ನೋಡಿ, ಬೇಕಾದಷ್ಟು!"

ಅವನು ನಕ್ಕ. ಬೈಸಿಕೊಂಡವನು ನಗಬಾರದು. ಅವಳ ಅನುಮಾನ ಅಲ್ಲಿಗೆ ಗಟ್ಟಿಯಾಯಿತು.

ಸಂಜೆ ದೇರಣ್ಣ ಹಮೀದನನ್ನು ಜಗಲಿಗೆ ಕರೆಸಿ ವಿಚಾರಿಸಿದ. ಹಮೀದ್ ಒಳ್ಳೆಯ ಮನುಷ್ಯ. ಆದರೆ ಯಾರನ್ನಾದರೂ ಹೊಗಳಲು ಸುರು ಮಾಡಿದರೆ ನಿಲ್ಲಿಸುವುದು ಗೊತ್ತಿಲ್ಲ.

"ಅಯ್ಯೋ ಗೌಡ್ರೆ, ಅವರು ಯಾರು ಅಂತ ಗ್ರಹಿಸಿದ್ದೀರಿ? ದಿವಾಕರ ಮಾಸ್ಟ್ರು! ಮಾತು ಬರುವ ಮುಂಚಿನ ಸಿನೆಮಾ ಇತ್ತಲ್ಲ, ಮೂಕಿ ಸಿನೆಮಾ, ಅದರ ದೊಡ್ಡ ಡೈರೆಕ್ಟರು. ಬೊಂಬಾಯಿಯಲ್ಲಿ ಅವರು ಬಂದರೆ ಹೂವಿನ ಮಾಲೆ ಹಿಡಿದುಕೊಂಡು ಸೇಟುಗಳು ನಿಲ್ಲುದಂತೆ. ಕೆಮರಾವನ್ನು ಕೈಯಲ್ಲಿ ತಿರುಗಿಸಿ ತೆಗೆದದ್ದು ಎಲ್ಲ. ಆನೆಯನ್ನು ಹೊಳೆ ದಾಟಿಸಿದ್ದಾರೆ, ಕೋಟೆ ಕಟ್ಟಿಸಿ ಸುಟ್ಟಿದ್ದಾರೆ. ಈಗ ಪಾಪ, ಯಾರೂ ಇಲ್ಲ. ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು, ನಾನು ಕರಕೊಂಡು ಬಂದೆ."

"ಡಬ್ಬಿಯಾ? ಡಬ್ಬಿಯಲ್ಲಿ ಎಂತ ಉಂಟು?" ದೇರಣ್ಣ ಕೇಳಿದ.

"ಅವರು ತೆಗೆದ ಸಿನೆಮಾದ ಒಂದು ರೀಲು. ಉಳಿದದ್ದೆಲ್ಲ ಹೋಯಿತಂತೆ. ಬೆಳ್ಳಿ ತೆಗೆಯುದಕ್ಕೆ ಕರಗಿಸಿದ್ದು ಕೆಲವು, ಗೋಡೌನಿನಲ್ಲಿ ಬೆಂಕಿ ಬಿದ್ದು ಕೆಲವು. ಆ ಕಾಲದ ಫಿಲ್ಮು ಸೀಮೆಎಣ್ಣೆಗಿಂತ ಮೇಲೆ, ಕಿಡಿ ತಾಗಿದರೆ ಮುಗಿಯಿತು. ನಾನು ಆ ಡಬ್ಬಿಯನ್ನು ಜನರೇಟರಿನ ಹತ್ತಿರ ತರಲಿಕ್ಕೇ ಬಿಡುದಿಲ್ಲ."

"ಊರು ಯಾವುದಂತೆ?"

"ಸುಳ್ಯದ ಹತ್ತಿರ ಅಂತ ಮಾತ್ರ ಹೇಳುದು." ಹಮೀದ್ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ. "ಟೆಂಟು ಈ ಗದ್ದೆಯಲ್ಲೇ ಹಾಕುವ ಅಂತ ಹೇಳಿದ್ದೂ ಅವರೇ ಮಾರಾಯ್ರೆ."

ದೇರಣ್ಣ ಜಗಿಯುವುದನ್ನು ನಿಲ್ಲಿಸಿದ. ಬಾಗಿಲ ಹಿಂದೆ ನಿಂತಿದ್ದ ಕಮಲಾವತಿ ಇಣುಕಿ ಗಂಡನ ಮುಖ ನೋಡಿದಳು. ಗಂಡ ಹೆಂಡತಿಗೆ ಒಂದೇ ಹೆಸರು ನೆನಪಾಗಿತ್ತು, ಬಾಯಿ ಬಿಟ್ಟು ಹೇಳಲು ಇಬ್ಬರಿಗೂ ಧೈರ್ಯ ಇರಲಿಲ್ಲ.

ಆ ಹೆಸರು ಅಚ್ಚುತ. ದೇರಣ್ಣನ ಅಣ್ಣ. ದೇರಣ್ಣ ಅಂಗಳದಲ್ಲಿ ಬತ್ತಲೆ ಓಡಾಡುವ ಕಾಲಕ್ಕೆ, ಮೀಸೆ ಚಿಗುರುತ್ತಿದ್ದ ಆ ಅಣ್ಣ ಊರಿಗೆ ಬಂದ ಚಲಿಸುವ ಚಿತ್ರದವನ ಗಾಡಿಯ ಹಿಂದೆ ಹೋದವನು ಮರಳಿ ಬರಲಿಲ್ಲ. ಕಾಗದವಿಲ್ಲ, ಸುದ್ದಿಯಿಲ್ಲ. ವರ್ಷಗಳು ಹೋದವು. ಮನೆಯಲ್ಲಿ ದನ ಸತ್ತವು, ದೇರಣ್ಣನ ಕಾಲು ಮುರಿಯಿತು, ಅವನಿಗೆ ನೋಡಿದ ಸಂಬಂಧಗಳೆಲ್ಲ ತಪ್ಪಿದವು. ಪ್ರಶ್ನೆ ಇಡಿಸಿದರೆ ಕವಡೆ ಹರಡಿದ ಜೋಯಿಸರು, ಬಲ್ಯಾಯರು, "ಹೋದವ ಇಲ್ಲ. ಮದುವೆಯಾಗದೆ ಸತ್ತ ಕುಲೆ, ಮನೆಯ ಸುತ್ತ ತಿರುಗುತ್ತಾ ಉಂಟು. ಅದಕ್ಕೆ ಹೆಣ್ಣು ಬೇಕು" ಎಂದರು.

ಸತ್ತವರಿಗೆ ಮಾಡುವ ಉತ್ತರಕ್ರಿಯೆ, ಬೊಜ್ಜ, ಮುಗಿಸಿ ಹುಡುಕಿದಾಗ ಹೆಣ್ಣು ಸಿಕ್ಕಿದ್ದು ಕಮಲಾವತಿಯ ತವರಿನಲ್ಲಿ. ಅವಳ ಅಕ್ಕ ದುಗ್ಗಮ್ಮ ಜ್ವರ ಬಂದು ಮದುವೆಯ ಪ್ರಾಯದಲ್ಲೇ ತೀರಿಕೊಂಡಿದ್ದಳು. ಸತ್ತವರ ಮದುವೆ, ಕುಲೆ ಮದುವೆ, ಆ ಕಡೆ ಹೊಸದೇನಲ್ಲ. ಎರಡು ಮಣೆ ಇಟ್ಟರು. ಒಂದರ ಮೇಲೆ ವೇಷ್ಟಿ, ಒಂದರ ಮೇಲೆ ಸೀರೆ. ಅಕ್ಕನ ಪರವಾಗಿ ಕರಿಮಣಿ ಹಿಡಿದುಕೊಂಡದ್ದು ಕಮಲಾವತಿಯೇ. ಅವತ್ತು ಅವಳು ಅತ್ತದ್ದು ಅಷ್ಟಿಷ್ಟಲ್ಲ, ಅಕ್ಕನನ್ನು ಗಂಡನ ಮನೆಗೆ ಕಳಿಸಿದ ಹಾಗೆಯೇ ಅತ್ತಳು. ಆಮೇಲೆ ಆ ನೆಂಟಸ್ತಿಕೆಯ ಮೇಲೆಯೇ ಅವಳನ್ನೂ ದೇರಣ್ಣನಿಗೆ ಕೊಟ್ಟರು. ಹಬ್ಬ ಬಂದರೆ ಒಳಗಿನ ಕತ್ತಲೆ ಕೋಣೆಯಲ್ಲಿ ಎರಡು ಎಲೆ, ಅಕ್ಕನದು, ಬಾವನದು. ಯಜಮಾನ ಹೆಸರು ಹಿಡಿದು ಕರೆದು, ಬಡಿಸಿ, ಬಾಗಿಲು ಹಾಕಿ ಬರಬೇಕು. ಸತ್ತವರು ಬಂದು ಉಂಡು ಹೋಗುತ್ತಾರೆ.

ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ಕಮಲಾವತಿ ಆ ಎಲೆಗಳ ಎದುರು ಹೇಳಿಕೊಳ್ಳುವಳು. ಅಕ್ಕ ಒಬ್ಬಳೇ ಇಲ್ಲ, ಜೊತೆಗೆ ಬಾವ ಉಂಟು ಎಂಬುದು ಅವಳ ಸಮಾಧಾನ. ಈಗ ಆ ಬಾವ ಗದ್ದೆಯ ಹುಣಿಯಲ್ಲಿ ಪ್ಯಾಂಟು ಹಾಕಿ ನಿಂತಿದ್ದಾನೆ ಎಂದಾದರೆ? ಹಾಗಾದರೆ ಇಷ್ಟು ವರ್ಷ ಅಕ್ಕ ಯಾರ ಪಕ್ಕ ಕೂತು ಉಂಡದ್ದು?

ಹಮೀದ್ ಹೋದ ಮೇಲೆ ದೇರಣ್ಣ ಹೇಳಿದ, "ವೇಷ ಅದು. ನಮ್ಮ ಮನೆಯ ಕತೆ ಯಾರೋ ಹೇಳಿಕೊಟ್ಟಿದ್ದಾರೆ. ನಾಳೆ ಬಂದು 'ತಮ್ಮಾ' ಅಂತಾನೆ, ನಾಳಿದ್ದು ಪಾಲು ಕೇಳ್ತಾನೆ."

"ಕೇಳಲಿಲ್ಲವಲ್ಲ ಇನ್ನೂ?"

"ಕೇಳದ್ದಕ್ಕೇ ನನಗೆ ಅನುಮಾನ!"

ಕಮಲಾವತಿ ಒಳಗೆ ಹೋಗಿ ದೀಪ ಹಚ್ಚಿದಳು.

ಹೊಸ ವರ್ಷದ ಹಬ್ಬ ಬಿಸು ಹತ್ತಿರ ಬಂತು. ಹಬ್ಬದ ವಾರದಲ್ಲಿ ಒಂದು ಸಂಜೆ, ಮೊದಲ ಆಟಕ್ಕೆ ಮುಂಚೆ ಮಾಸ್ಟ್ರ ರೀಲನ್ನು ಪುಕ್ಕಟೆ ತೋರಿಸುತ್ತೇನೆಂದು ಹಮೀದ್ ಸಾರಿಸಿದ. ಮಾಸ್ಟ್ರು ಕೇಳಿಕೊಂಡದ್ದಕ್ಕೆ ಹೆದರಿ ಹೆದರಿಯೇ ಒಪ್ಪಿದ್ದಂತೆ. ಬೆಂಕಿ ಬಿದ್ದರೆ ಸುರಿಯಲು ಮೆಷಿನಿನ ಸುತ್ತ ಹೊಳೆಯ ಹೊಯಿಗೆ ತುಂಬಿದ ಬಾಲ್ದಿಗಳನ್ನು ಸಾಲಾಗಿ ಇಡಿಸಿದ್ದ. ದೇರಣ್ಣ, "ನಾನು ಬರುದಿಲ್ಲ. ಮಂಗ ಮಾಡುವವರ ಎದುರು ಹೋಗಿ ಕೂರುದಾ?" ಎಂದು ಜಗಲಿಯಲ್ಲೇ ಕೂತ. ಕಮಲಾವತಿ ಹೋದಳು. ಮುಖ ನೋಡಲು ಅಲ್ಲ, ಮೋಸ ಹಿಡಿಯಲು.

ಹೆಂಗಸರ ಬೆಂಚಿನಲ್ಲಿ ಕೂತು ಅವಳು ಪರದೆಗಿಂತ ಹೆಚ್ಚು ಹಿಂದಕ್ಕೇ ನೋಡಿದಳು. ಮುದುಕ ಕೋಟು ತೆಗೆದಿಟ್ಟಿದ್ದ. ಟಾಕಿ ಮೆಷಿನಿನ ವೇಗಕ್ಕೆ ಬಿಟ್ಟರೆ ತನ್ನ ಜನ ಕೋಳಿಗಳ ಹಾಗೆ ಓಡುತ್ತಾರೆಂದು ಹಮೀದನಿಗೆ ಹೇಳಿ, ಬೆಲ್ಟು ಬಿಡಿಸಿ, ಹಿಡಿಯನ್ನು ತಾನೇ ತಿರುಗಿಸತೊಡಗಿದ. ಮುಖದಲ್ಲಿ ಬೆವರು, ತುಟಿಯಲ್ಲಿ ಏನೋ ಲೆಕ್ಕ.

ಪರದೆಯ ಮೇಲೆ ಬೆಳಕು ನಡುಗಿತು. ಒಂದು ಮನೆ. ಮಗ ಯುದ್ಧಕ್ಕೆ ಹೋಗಿದ್ದಾನೆ, ತಾಯಿ ಕಾಯುತ್ತಿದ್ದಾಳೆ. ಇಷ್ಟು ಯಾರಿಗಾದರೂ ಗೊತ್ತಾಗುತ್ತಿತ್ತು. ಮಾತಿಲ್ಲ, ಹಾಡಿಲ್ಲ. ಕಡಲೆ ಮಾರುವವರೂ ಸುಮ್ಮನಾದರು. ತಾಯಿ ಬತ್ತಿಗೆ ಎಣ್ಣೆ ಹಾಕಿದಳು, ದೀಪ ಹಚ್ಚಿದಳು. ಬೆರಳಿಗೆ ಹತ್ತಿದ ಎಣ್ಣೆಯನ್ನು ಸೆರಗಿಗೆ ಒರಸಲಿಲ್ಲ. ಕೈಯನ್ನು ತಲೆಯ ಮೇಲಿಂದ ಬಳಸಿ ತಂದು, ಎಡಗಿವಿಯ ಹಿಂದಿನ ಕೂದಲಿಗೆ ಒರಸಿಕೊಂಡಳು. ಆಮೇಲೆ ಬಾಗಿಲ ಕಡೆ ನೋಡಿದಳು.

ಕಮಲಾವತಿ ಬೆಂಚಿನಿಂದ ಅರ್ಧ ಎದ್ದಳು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯ ಹಿಂದೆ! ಆ ವಿಚಿತ್ರ ಅಭ್ಯಾಸ ಭೂಮಿಯ ಮೇಲೆ ಒಬ್ಬಳಿಗೇ ಇತ್ತು, ಅವಳ ಅತ್ತೆಗೆ. ಸೊಸೆಯಾಗಿ ಬಂದ ಹೊಸತರಲ್ಲಿ ನಗು ತಡೆಯಲಾರದೆ ಬೈಸಿಕೊಂಡಿದ್ದಳು. ಆಮೇಲೆ ಅದು ತನಗೂ ಅಂಟಿತು. ಈಗ ಸಂಜೆ ಮನೆಯಲ್ಲಿ ದೀಪ ಹಚ್ಚಿ ಬರುವಾಗಲೂ ಹಾಗೆಯೇ ಒರಸಿಕೊಂಡು ಬಂದಿದ್ದಳು. ಕೈ ಮುಟ್ಟಿ ನೋಡಿಕೊಂಡಳು, ಕೂದಲಲ್ಲಿ ಎಣ್ಣೆಯ ಜಿಡ್ಡು ಇನ್ನೂ ಇತ್ತು. ಬೊಂಬಾಯಿಯ ಆ ನಟಿಗೆ ಇದನ್ನು ಯಾರು ಹೇಳಿಕೊಟ್ಟರು? ಅಮ್ಮನನ್ನು ದಿನಾ ನೋಡಿದ ಮಗನಲ್ಲದೆ?

ಅಷ್ಟರಲ್ಲಿ ಮೆಷಿನಿನಲ್ಲಿ ಫಿಲ್ಮು ಸಿಕ್ಕಿಕೊಂಡು ಪರದೆಯಲ್ಲಿ ತಾಯಿಯ ಮುಖ ನಿಂತಿತು. ನಡುವೆ ಒಂದು ಕಂದು ಚುಕ್ಕೆ ಹುಟ್ಟಿ ಹರಡಿತು. "ಬೆಂಕಿ!" ಎಂದು ಹಮೀದ್ ಕೂಗಿದ. ಜನ ಎದ್ದು ಓಡಿದರು. ಬಾಲ್ದಿ ಬಾಲ್ದಿ ಹೊಯಿಗೆ ಸುರಿದರು. ಯಾರಿಗೂ ಏನೂ ಆಗಲಿಲ್ಲ, ಮೆಷಿನೂ ಉಳಿಯಿತು. ರೀಲು ಮಾತ್ರ ಉಳಿಯಲಿಲ್ಲ. ಮುದುಕ ಸುಟ್ಟ ಬೆರಳುಗಳನ್ನು ಊದಿಕೊಳ್ಳುತ್ತ, "ಆಯಿತು, ಅದೂ ಹೋಯಿತು" ಎಂದ, ಅಷ್ಟೇ.

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು ಉರಿದುಬಿದ್ದ.

"ಬೊಂಬಾಯಿ ಹೆಂಗಸಿನ ಕೈ ನೋಡಿ ನಾನು ಅಣ್ಣನನ್ನು ಒಪ್ಪಿಕೊಳ್ಳುದಾ? ನಿನ್ನ ತಲೆ ಸರಿ ಉಂಟಾ? ತೋರಿಸು ಅಂದರೆ ಈಗ ರೀಲೂ ಇಲ್ಲ. ಎಷ್ಟು ಚಂದ ಆಯಿತು ನೋಡು, ಸಾಕ್ಷಿ ತಾನಾಗಿಯೇ ಸುಟ್ಟುಹೋದದ್ದು!"

"ಅತ್ತೆಯ ಹಾಗೆಯೇ ಮಾಡಿದ್ದು. ನಾನು ಕಣ್ಣಾರೆ ನೋಡಿದೆ."

"ಅಣ್ಣನಾದರೆ ಅಮ್ಮ ಹೋದಾಗ ಎಲ್ಲಿದ್ದ ಅವ?" ದೇರಣ್ಣ ಎದ್ದು ನಿಂತ. "ಕೊನೆಗಾಲಕ್ಕೆ ನನ್ನನ್ನೇ 'ಅಚ್ಚು, ಅಚ್ಚು' ಅಂತ ಕರೀತಾ ಇದ್ದಳು. ಇಲ್ಲ. ನನ್ನ ಅಣ್ಣ ಸತ್ತಿದ್ದಾನೆ. ಬೊಜ್ಜ ಮಾಡಿದ್ದೇವೆ, ಮದುವೆ ಮಾಡಿದ್ದೇವೆ. ಬದುಕಿದ್ದಾನೆ ಅಂತಾದರೆ ನಿನ್ನ ಅಕ್ಕ ಯಾರ ಹೆಂಡತಿ? ಹೇಳು! ಪುನಃ ಪ್ರಶ್ನೆ ಇಡಿಸುದು, ಅವಳನ್ನು ಇವನಿಂದ ಬಿಡಿಸಿ ಇನ್ನೊಬ್ಬ ಸತ್ತವನಿಗೆ ಕಟ್ಟುದಾ?"

ಕಮಲಾವತಿಯ ಭಯವೂ ಅದೇ. ಅಕ್ಕನನ್ನು ಕೊಟ್ಟಿಗೆಯ ಕರುವಿನ ಹಾಗೆ ಈ ಗೂಟದಿಂದ ಬಿಚ್ಚಿ ಆ ಗೂಟಕ್ಕೆ ಕಟ್ಟುವುದಾ? ದೇರಣ್ಣ ಆಗಲೇ ಟೆಂಟಿಗೆ ಹೋಗಿ, ಬಿಸು ಕಳೆದ ಮರುದಿನ ಗದ್ದೆ ಖಾಲಿಯಾಗಬೇಕೆಂದು ಹಮೀದನಿಗೆ ಹೇಳಿ ಬಂದ.

ಬೆಳಿಗ್ಗೆ ಗಂಡ ಪೇಟೆಗೆ ಹೋದದ್ದೇ ತಡ, ಕಮಲಾವತಿ ಹುಣಿಗೆ ನಡೆದಳು. ಮುದುಕ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ.

"ನೀವು ಅಚ್ಚುತ ಅಲ್ವಾ?"

ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಅವ ಸತ್ತಿದ್ದಾನಂತೆ ತಾಯಿ," ಎಂದ. "ಸತ್ತವ ಸುಮ್ಮನೆ ಇದ್ದರೆ ಯಾರಿಗೂ ತೊಂದರೆ ಇಲ್ಲ."

"ತೊಂದರೆ ಇಲ್ವಾ? ನನ್ನ ಅಕ್ಕನನ್ನು ನಿಮಗೆ ಕೊಟ್ಟದ್ದು!" ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂತು. "ಸತ್ಯ ಹೇಳಿ. ಬೊಂಬಾಯಿಯಲ್ಲಿ ಮದುವೆ ಆಗಿದ್ದೀರಾ? ಹೆಂಡತಿ ಮಕ್ಕಳು ಉಂಟಾ?"

ಮುದುಕ ಅವಳನ್ನು ಬೆಪ್ಪಾಗಿ ನೋಡಿದ. ಬಹುಶಃ ತಮಾಷೆ ಮಾಡುತ್ತಿದ್ದಾಳೆಂದು ಅವನಿಗೂ ಅನುಮಾನ ಬಂದಿರಬೇಕು. ಆಮೇಲೆ ನಿಧಾನವಾಗಿ ಹೇಳಿದ. ಮೊದಲು ಸ್ಟುಡಿಯೋ ಗುಡಿಸಿದ್ದು, ಆಮೇಲೆ ಕೆಮರಾದ ಹಿಡಿ ತಿರುಗಿಸಿದ್ದು, ಆಮೇಲೆ ತಾನೇ ಡೈರೆಕ್ಟರಾದದ್ದು. ಊರಿನ ಹೆಸರು ಹೇಳಲು ನಾಚಿಕೆಯಾಗಿ ದಿವಾಕರನಾದದ್ದು. ಗೆದ್ದ ಮೇಲೆ ಮನೆಗೆ ಹೋಗುವ ಎಂದುಕೊಂಡದ್ದು, ಗೆದ್ದ ಮೇಲೆ ಇನ್ನೊಂದು ಗೆದ್ದು ಹೋಗುವ ಎಂದುಕೊಂಡದ್ದು. ಕೊನೆಗೆ ಒಂದು ಹುಡುಗಿಯನ್ನು ಮದುವೆಗೆ ಮಾತಾಡಿದ್ದರು, ದಿವಸ ನಿಶ್ಚಯವಾಗಿತ್ತು.

"ಆ ವರ್ಷ, ಮೂವತ್ತೊಂದರಲ್ಲಿ, ಟಾಕಿ ಬಂತು. ಸಿನೆಮಾ ಮಾತಾಡಲಿಕ್ಕೆ ಸುರು ಮಾಡಿತು. ನನಗೆ ಅವರ ಭಾಷೆಯಲ್ಲಿ ಹಾಡು ಬರೆಸಲಿಕ್ಕೆ ಗೊತ್ತಿಲ್ಲ, ಡೈಲಾಗು ಗೊತ್ತಿಲ್ಲ. ಒಂದೇ ಮಳೆಗಾಲದಲ್ಲಿ ಕಂಪೆನಿ ಮುಚ್ಚಿತು. ಹುಡುಗಿ ಕಡೆಯವರೂ ಬೇಡ ಅಂದರು. ಆಮೇಲೆ ಹಿಡಿದದ್ದೆಲ್ಲ ಹಾಳು. ಮೈಕಿನ ಮುಂದೆ ನನ್ನ ಕೈಯೇ ಓಡಲಿಲ್ಲ. ಊರಿಗೆ ಹೋಗುವ ಅಂತ ಪುತ್ತೂರಿನವರೆಗೆ ಬಂದೆ. ಅಲ್ಲಿ ಹೋಟೆಲಿನಲ್ಲಿ ಕೂತಿದ್ದವ ಒಬ್ಬ ಹೇಳಿದ, ಆ ಮನೆಯ ಅಚ್ಚುತನಿಗೆ ಬೊಜ್ಜ ಆಯಿತು, ಕುಲೆ ಮದುವೆಯೂ ಆಯಿತು ಅಂತ. ಅಲ್ಲಿಂದಲೇ ಹಿಂದೆ ಹೋದೆ. ಸತ್ತವ ಯಾವ ಮುಖ ಇಟ್ಟುಕೊಂಡು ಬರುದು?"

"ಟಾಕಿ ಬಂದ ವರ್ಷವಾ?" ಕಮಲಾವತಿ ಅವನ ಕೈಯನ್ನೇ ಹಿಡಿದಳು. "ಮದುವೆ ತಪ್ಪಿದ್ದೂ ಆ ವರ್ಷವೇ?"

"ಹೌದು."

"ಆ ವರ್ಷ ಬೇಸಗೆಯಲ್ಲೇ ಅಲ್ವಾ ನಾನು ಕರಿಮಣಿ ಹಿಡಿದದ್ದು!"

ಅವಳಿಗೆ ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು, ಕಣ್ಣಲ್ಲಿ ಮಾತ್ರ ದಳದಳ ನೀರು. ಅಯ್ಯೋ ನನ್ನ ಅಕ್ಕ! ಒಬ್ಬಳೇ ಕೂತದ್ದಲ್ಲ ಅವಳು. ಇಲ್ಲಿ ತಾಳಿ ಬಿದ್ದ ವರ್ಷವೇ ಅಲ್ಲಿ ಇನ್ನೊಬ್ಬಳನ್ನು ಹೊಸಿಲು ತುಳಿಯಲು ಬಿಡಲಿಲ್ಲ. ಗಂಡನ ಕಂಪೆನಿ ಮುಚ್ಚಿಸಿ, ಊರಿನ ದಾರಿ ಹಿಡಿಸಿದ್ದಾಳೆ.

"ಟಾಕಿಯಿಂದ ಹೋದದ್ದು ಅಂತ ಗ್ರಹಿಸಿದ್ದಾ ನೀವು? ಟಾಕಿಯೂ ಅಲ್ಲ, ಎಂತ ಮಣ್ಣೂ ಅಲ್ಲ. ನನ್ನ ಅಕ್ಕ ಅದು, ಬಾವ! ಸಣ್ಣದರಲ್ಲೇ ಹಾಗೆ, ಅವಳದ್ದು ಅಂದರೆ ಅವಳದ್ದು."

ಮುದುಕ ನಗಲಿಲ್ಲ. ಗದ್ದೆಯಾಚೆ ಮನೆಯನ್ನು ನೋಡುತ್ತ ಕೂತ. ಪಾಲು ಕೇಳುವವನು ಇದ್ದರೆ ಈಗ ಕೇಳಬೇಕು ಎಂದು ಕಮಲಾವತಿಯ ಹಳೇ ಅನುಮಾನ ಒಂದು ಸಲ ಕಣ್ಣು ಬಿಟ್ಟಿತು. ಅವನು ಕೇಳಿದ್ದೇ ಬೇರೆ.

"ಅವಳ ಫೋಟೋ ಉಂಟಾ? ಹೇಗಿದ್ದಳು ನೋಡಲಿಕ್ಕೆ? ಇಲ್ಲಿ ನಿಂತು ದಿನಾ ಅದನ್ನೇ ಮಾಡುದು ನಾನು. ಬಾವಿಕಟ್ಟೆಯಲ್ಲಿ ನಿಲ್ಲಿಸ್ತೇನೆ, ಬಾಗಿಲಲ್ಲಿ ನಿಲ್ಲಿಸ್ತೇನೆ. ಮುಖ ಮಾತ್ರ ಬರುದಿಲ್ಲ."

ಫೋಟೋ ಎಲ್ಲಿಂದ? ಆ ಕಾಲದಲ್ಲಿ ಯಾರು ತೆಗೆಸುತ್ತಿದ್ದರು? ಕಮಲಾವತಿ ಬಾಯಲ್ಲೇ ಹೇಳಿದಳು. ಒಂದು ಕಣ್ಣು ಸ್ವಲ್ಪ ಸಣ್ಣದು, ಎದುರಿನ ಹಲ್ಲುಗಳ ನಡುವೆ ಸಂದು, ಅದಕ್ಕೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವಳು. ಮುದುಕ ಬಟ್ಟೆ ಸುತ್ತಿದ ಬೆರಳುಗಳಿಂದ ಚೌಕ ಮಾಡಿ ಕಮಲಾವತಿಯನ್ನು ನೋಡಿದ. ಅವಳು ಈ ಸಲ ಬೈಯಲಿಲ್ಲ.

"ನಿನ್ನ ಹಾಗೆಯಾ?"

"ನನಗಿಂತ ಚಂದ," ಎಂದಳು.

ಬಿಸುವಿನ ಸಂಜೆ ಕತ್ತಲೆ ಕೋಣೆಯಲ್ಲಿ ಎಂದಿನಂತೆ ಎರಡು ಎಲೆ ಹಾಕಿದಳು. ರೊಟ್ಟಿ, ಕೋಳಿ ಸಾರು, ಪಾಯಸ. ದೇರಣ್ಣ ಮಿಂದು ಬಂದು ದೀಪದ ಎದುರು ನಿಂತ. ಮುಖ ಬಿಗಿದಿತ್ತು, ಮರುದಿನ ಟೆಂಟು ಹೋಗುವುದರ ಮೇಲೆಯೇ ಅವನ ಕಣ್ಣು. ಎರಡು ಎಲೆಗೂ ನೀರು ಬಿಟ್ಟು, ಪ್ರತಿ ವರ್ಷದ ಹಾಗೆ ಗಟ್ಟಿಯಾಗಿ ಕರೆದ.

"ಅಚ್ಚುತಣ್ಣ, ದುಗ್ಗಮ್ಮತ್ತಿಗೆ, ಎಲ್ಲಿದ್ದರೂ ಬನ್ನಿ. ಮನೆ ನಿಮ್ಮದು. ಇಟ್ಟದ್ದನ್ನು ಉಣ್ಣಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ."

ಹೊರಗೆ ಬಂದು ಬಾಗಿಲು ಎಳೆದ. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಅವನು ಚಾವಡಿಯಲ್ಲಿ ಎಲೆಅಡಿಕೆಯ ತಟ್ಟೆ ಹಿಡಿದು ಕೂತ. ಕಮಲಾವತಿ, "ಒಲೆ ನೋಡಿ ಬರ್ತೇನೆ" ಎಂದು ಅಡಿಗೆಕೋಣೆಗೆ ಹೋದಳು. ಅಲ್ಲಿ ಹಿಂಬಾಗಿಲಿನಿಂದ ಬಂದ ಮುದುಕ ಕೋಟಿಲ್ಲದೆ, ಟೊಪ್ಪಿಯಿಲ್ಲದೆ, ಹಮೀದ್ ಕೊಟ್ಟ ಬಿಳಿ ಪಂಚೆ ಉಟ್ಟು ನಿಂತಿದ್ದ. ಕತ್ತಲೆ ಕೋಣೆಗೆ ಅಡಿಗೆಕೋಣೆಯಿಂದಲೂ ಒಂದು ಸಣ್ಣ ಬಾಗಿಲು ಉಂಟು.

"ಕರೆದದ್ದು ಕೇಳಿತಲ್ಲ?" ಪಿಸುಗುಟ್ಟಿದಳು. "ಹೋಗಿ."

ದೇರಣ್ಣ ಎಲೆ ಜಗಿದು ಮುಗಿಸಿ, ಪದ್ಧತಿಯ ಹಾಗೆ ಬಾಗಿಲು ತಟ್ಟಿ, ಕೆಮ್ಮಿ, ತೆರೆದ. ತೆರೆದವನು ಹೊಸಿಲಲ್ಲೇ ಕಲ್ಲಾದ. ಒಂದು ಎಲೆಯ ಎದುರು ಆ ಮುದುಕ ಚಕ್ಕಳಮಕ್ಕಳ ಹಾಕಿ ಕೂತಿದ್ದ. ರೊಟ್ಟಿ ಮುಗಿದಿತ್ತು. ತನ್ನ ಎಲೆಯ ಒಳ್ಳೆಯ ತುಂಡನ್ನು ಪಕ್ಕದ ಎಲೆಗೆ ಎತ್ತಿ ಹಾಕುತ್ತಿದ್ದ.

"ಯಾರು ನೀನು? ಯಾರು ಇವನನ್ನು ಒಳಗೆ ಬಿಟ್ಟದ್ದು?" ದೇರಣ್ಣ ಕಿರುಚಿದ.

ಕಮಲಾವತಿ ಹಿಂದಿನಿಂದ ಬಂದು ನಿಂತಳು.

"ಹೆಸರು ಹಿಡಿದು ಕರೆದದ್ದು ನೀವೇ ಅಲ್ವಾ? ಇಷ್ಟು ವರ್ಷ ಕರೆದಿರಿ. ಬಂದಿದ್ದಾರೆ. ಈಗ ಯಾರು ಅಂತ ನನ್ನ ಹತ್ತಿರ ಕೇಳುದಾ?"

ಎಲೆಯ ಮುಂದೆ ಕೂತವರನ್ನು ಎಬ್ಬಿಸುವ ಹಾಗಿಲ್ಲ. ಕುಲೆಯ ಎಲೆಯ ಮುಂದೆ ಕೂತವರನ್ನಂತೂ ಕೇಳುವುದೇ ಬೇಡ. ಮುದುಕ ತಲೆಯೆತ್ತಿ ತಮ್ಮನನ್ನು ನೋಡಿದ. ಪಕ್ಕದ ಎಲೆಯ ಕಡೆ ಬಟ್ಟೆ ಸುತ್ತಿದ ಬೆರಳು ತೋರಿಸಿ ಹೇಳಿದ, "ಮಾತಾಡುದಿಲ್ಲ ಇವಳು. ಅಡ್ಡಿಯಿಲ್ಲ. ನನಗೆ ಅದೇ ಅಭ್ಯಾಸ."

ಆಮೇಲೆ ಕೈಯ ಜಿಡ್ಡನ್ನು ಒರಸಲು ಬಟ್ಟೆ ಕಾಣದೆ, ಯೋಚನೆಯೇ ಇಲ್ಲದೆ, ಬಲಗೈಯನ್ನು ತಲೆಯ ಮೇಲಿಂದ ಬಳಸಿ ತಂದು ಎಡಗಿವಿಯ ಹಿಂದಿನ ನರೆಗೂದಲಿಗೆ ಒರಸಿಕೊಂಡ.

ದೇರಣ್ಣ ಅದನ್ನು ನೋಡಿದ. ಬಾಗಿಲ ದಾರಂದ ಹಿಡಿದುಕೊಂಡಿದ್ದ ಕೈ ಬಿಟ್ಟ. ಮತ್ತೆ ಒಳಗೆ ಬಂದು, ಬಗ್ಗಿ, ಸಾರಿನ ಪಾತ್ರೆ ಎತ್ತಿಕೊಂಡ.

"ಅಣ್ಣಾ," ಎಂದ, "ಇನ್ನೊಂದು ಸಲ ಹಾಕುದಾ?"